ಹಳೇ ಮೆಟಲ್ ಬ್ಯಾಂಡ್ ‘ಬ್ಯಾಕ್ ಟು ಬೇಸಿಕ್ಸ್’ ಅಂದಾಗ ಸ್ಟುಡಿಯೋದಲ್ಲಿ ಏನು ಬದಲಾಗುತ್ತದೆ?

ನಲವತ್ತು, ಐವತ್ತು ವರ್ಷ ದಾಟಿದ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡ್ ಹೊಸ ಆಲ್ಬಂ ಬಿಡುತ್ತಿದೆ ಅಂದರೆ ಒಂದು ಮಾತು ಹೆಚ್ಚುಕಡಿಮೆ ಖಾಯಂ. ‘ಈ ಸಲ ಬ್ಯಾಕ್ ಟು ಬೇಸಿಕ್ಸ್.’ ಅಂದರೆ ಮೂಲಕ್ಕೆ ಮರಳುತ್ತೇವೆ ಎಂದು. ಅಭಿಮಾನಿಗಳು ಖುಷಿಯಾಗುತ್ತಾರೆ. ಮೆಟಲ್ ಅಷ್ಟಾಗಿ ಕೇಳದವರಿಗೆ ಇದು ಒಗಟು. ಅದೇ ಗಿಟಾರು, ಅದೇ ಡ್ರಮ್ಮು, ಅದೇ ಅಬ್ಬರ ಅಲ್ವಾ? ಇದರಲ್ಲಿ ಬಿಟ್ಟುಹೋಗಿದ್ದೇನು, ಈಗ ಮರಳಿ ಬಂದಿದ್ದೇನು?

ಹಳೇ ಹಾಡಿನ ಥರದ್ದೇ ಇನ್ನೊಂದು ಹಾಡು ಮಾಡುವುದು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನಿಜಕ್ಕೂ ಬದಲಾಗುವುದು ಕೆಲಸ ಮಾಡುವ ರೀತಿ. ಹಾಡು ಎಲ್ಲಿ ಹುಟ್ಟುತ್ತದೆ, ಎಷ್ಟು ಜನ ಒಟ್ಟಿಗೆ ನುಡಿಸುತ್ತಾರೆ, ತಪ್ಪಾದರೆ ಏನು ಮಾಡುತ್ತಾರೆ, ಯಾವಾಗ ‘ಸಾಕು’ ಅನ್ನುತ್ತಾರೆ ಎಂಬುದೆಲ್ಲ ಅದರಲ್ಲಿ ಸೇರಿದೆ. ಸದ್ದು ಬದಲಾಗುವುದು ಅದರ ಫಲ.

## ಬೇಸಿಕ್ಸ್ ಅಂದರೆ ಏನೇನು?

ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್‌ನಲ್ಲಿ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಕೈಯಲ್ಲಿ ಎಂದು ಹೆಚ್ಚಿನವರು ಒಪ್ಪುತ್ತಾರೆ. ಆ ಬ್ಯಾಂಡಿನ ಗಿಟಾರ್ ವಾದಕ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು. ಹಾಗಾಗಿ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ತುದಿಗೆ ಟೋಪಿ ಮಾಡಿಕೊಂಡರು. ತೆಳ್ಳಗಿನ ತಂತಿ ಹಾಕಿದರು. ಮುಂದೆ ತಂತಿಗಳನ್ನು ಸಡಿಲ ಮಾಡಿ ಶ್ರುತಿಯನ್ನೇ ಇಳಿಸಿದರು. ಸಡಿಲ ತಂತಿಯನ್ನು ಒತ್ತುವುದು ಸುಲಭ, ಅದರ ಸದ್ದೂ ಭಾರ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಹಲವು ಹಾಡುಗಳಲ್ಲಿ ಗಿಟಾರ್ ಮಾಮೂಲಿಗಿಂತ ಮೂರು ಅರೆಸ್ವರ ಕೆಳಗಿದೆ.

ಮೆಟಲ್ ಹಾಡಿಗೆ ಬೆನ್ನೆಲುಬು ರಿಫ್. ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ಸಾಲು ಅದು. ಎಷ್ಟೋ ಸಲ ರಿಫ್ ಮೊದಲು ಹುಟ್ಟುತ್ತದೆ, ಗಾಯಕರ ರಾಗ ಆಮೇಲೆ ಬಂದು ಅದರ ಮೇಲೆ ಕೂರುತ್ತದೆ. ರಿಫ್ ಗಟ್ಟಿಯಿಲ್ಲದಿದ್ದರೆ ಮೇಲೆ ಎಷ್ಟು ಅಲಂಕಾರ ಮಾಡಿದರೂ ಮೆಟಲ್ ಕೇಳುವವರು ಒಪ್ಪುವುದಿಲ್ಲ.

ಆ ರಿಫ್ ಅಷ್ಟು ದಪ್ಪಗೆ ಕೇಳಿಸುವುದು ಹೇಗೆ? ಎರಡು ವಿಷಯ ಸೇರಬೇಕು. ಒಂದು, ಡಿಸ್ಟಾರ್ಷನ್. ಆಂಪ್ಲಿಫೈಯರ್ ತಡೆಯಲಾರದಷ್ಟು ಜೋರಾದ ಸಿಗ್ನಲ್ ಕೊಟ್ಟಾಗ ಅಲೆಯ ತುದಿಗಳು ಕತ್ತರಿಸಿಹೋಗಿ ಬರುವ ಗರಗರ ಸದ್ದು ಇದು. ಇನ್ನೊಂದು, ಪವರ್ ಕಾರ್ಡ್. ಸ ಮತ್ತು ಪ ಎರಡನ್ನೇ ಒಟ್ಟಿಗೆ ನುಡಿಸುವುದು. ನಡುವಿನ ಗ ಬೇಡ.

ಗ ಯಾಕೆ ಬೇಡ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮಾಮೂಲಿ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದನ್ನು ಸ ಎಂದುಕೊಂಡರೆ ಪ ಸುಮಾರು 123. ಡಿಸ್ಟಾರ್ಷನ್‌ಗೆ ಒಂದು ಗುಣವಿದೆ. ಒಳಗೆ ಹೋದ ಎರಡು ಸ್ವರಗಳನ್ನು ಕೂಡಿಸಿ, ಕಳೆದು, ಹೊಸ ಸ್ವರಗಳನ್ನು ಅದೇ ಹುಟ್ಟಿಸುತ್ತದೆ. 123ರಲ್ಲಿ 82 ಕಳೆದರೆ 41. ಅದು 82ರ ಸರಿಯಾಗಿ ಅರ್ಧ, ಅಂದರೆ ಒಂದು ಸ್ಥಾಯಿ ಕೆಳಗಿನ ಅದೇ ಸ. ಯಾರೂ ನುಡಿಸದ ಮಂದ್ರ ಸ್ವರವೊಂದು ತಾನಾಗಿ ಎದ್ದು ಬರುತ್ತದೆ! ಈಗ ನಡುವೆ ಗ ಸೇರಿಸಿ. ಅದು ಸುಮಾರು 104. ವ್ಯತ್ಯಾಸಗಳು 20ರ ಆಸುಪಾಸಿನಲ್ಲಿ, ಒಂದಕ್ಕೊಂದು ಪೂರ್ತಿ ಹೊಂದದಂತೆ ಬಂದು ನಿಲ್ಲುತ್ತವೆ. ಕೆಳಗೆಲ್ಲ ಕಲಸಿಹೋಗುತ್ತದೆ. ಎರಡೇ ಸ್ವರ ಸಾಕು ಎಂದು ಮೆಟಲ್‌ನವರು ಹಿಡಿದುಕೊಂಡಿದ್ದಕ್ಕೆ ಭೌತಶಾಸ್ತ್ರದ ಬೆಂಬಲವೂ ಇದೆ.

ರಿಫ್, ಪವರ್ ಕಾರ್ಡ್, ಅದಕ್ಕೆ ಅಂಟಿಕೊಂಡು ಓಡುವ ಬೇಸ್ (ತಗ್ಗಿನ ಸ್ವರದ ಗಿಟಾರ್) ಮತ್ತು ಡ್ರಮ್ಸ್, ಮೇಲೊಂದು ಕಂಠ. ಸಾಮಗ್ರಿ ಇಷ್ಟೇ. ಬ್ಲ್ಯಾಕ್ ಸಬ್ಬತ್ ತನ್ನ ಮೊದಲ ಆಲ್ಬಂಗೆ ನುಡಿಸಿ ಮುಗಿಸಿದ್ದು 1969ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ. ಮಳೆ, ಗಂಟೆಯ ಸದ್ದುಗಳನ್ನು ಆಮೇಲೆ ಸೇರಿಸಿದರು. ವೇದಿಕೆಯಲ್ಲಿ ನುಡಿಸುತ್ತಿದ್ದುದನ್ನೇ ಅಲ್ಲೂ ನುಡಿಸಿದರು. ಬೇರೆ ಥರ ಮಾಡಲು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ.

## ದೂರ ಹೋಗಿದ್ದೇಕೆ?

ಗೆದ್ದ ಬ್ಯಾಂಡಿಗೆ ಸಮಯವೂ ಸಿಗುತ್ತದೆ, ದುಡ್ಡೂ ಸಿಗುತ್ತದೆ. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂರಬಹುದು. ಹೊಸ ವಾದ್ಯ ತರಿಸಬಹುದು. ಅದೇ ಹಾಡನ್ನು ಊರೂರಲ್ಲಿ ನೂರಾರು ಸಲ ನುಡಿಸಿದವರಿಗೆ ಬೇರೆ ಏನಾದರೂ ಮಾಡೋಣ ಅನ್ನಿಸುವುದು ಸಹಜ.

ಐರನ್ ಮೇಡನ್ ಬ್ಯಾಂಡ್ 1986ರಲ್ಲಿ ಗಿಟಾರ್ ಸಿಂಥಸೈಜರ್ (ಗಿಟಾರ್ ನುಡಿಸಿ ಎಲೆಕ್ಟ್ರಾನಿಕ್ ಸದ್ದು ಹೊರಡಿಸುವ ಉಪಕರಣ) ಬಳಸಿತು. 1988ರಲ್ಲಿ ಕೀಬೋರ್ಡ್ ಸೇರಿಸಿ, ಇಡೀ ಆಲ್ಬಂಗೆ ಒಂದೇ ಕಥೆ ಹೆಣೆಯಿತು. ಜೂಡಸ್ ಪ್ರೀಸ್ಟ್ 2008ರಲ್ಲಿ ನಾಸ್ಟ್ರಡಾಮಸ್ ಎಂಬ ಭವಿಷ್ಯಕಾರನ ಮೇಲೆ ಎರಡು ಸಿಡಿಯಷ್ಟು ಉದ್ದದ ಆಲ್ಬಂ ಮಾಡಿತು. ಜರ್ಮನಿಯ ಕ್ರಿಯೇಟರ್ 1999ರಲ್ಲಿ ಥ್ರ್ಯಾಶ್ ಎಂಬ ವೇಗದ ಮೆಟಲ್ ಶೈಲಿ ಬಿಟ್ಟು ಗಾಥಿಕ್ ಎಂಬ ವಿಷಾದದ ಛಾಯೆಯ ದಾರಿ ಹಿಡಿದು, 2001ರಲ್ಲಿ ಮತ್ತೆ ತನ್ನ ಹಳೇ ಥ್ರ್ಯಾಶ್‌ಗೆ ಬಂತು. ಈ ಪ್ರಯೋಗಗಳೆಲ್ಲ ತಪ್ಪು ಅಂತ ಅಲ್ಲ. ಮೇಡನ್‌ನ 1988ರ ಆಲ್ಬಂ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದೇ ನಾನು ನಂಬುತ್ತೇನೆ. ಆದರೆ ಪ್ರತಿ ಸಲವೂ ಒಂದು ಪದರ ಜಾಸ್ತಿಯಾಗುತ್ತಾ ಹೋದರೆ ಕೆಳಗಿನ ರಿಫ್ ಮಸುಕಾಗುತ್ತದೆ.

ಆಲ್ಬಂಗಳು ಉದ್ದವಾದದ್ದಕ್ಕೂ ಒಂದು ಕಾರಣವಿದೆ. ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲಲ್ಲಿ ಚೆನ್ನಾಗಿ ಕೇಳಬೇಕೆಂದರೆ ಸುಮಾರು 22 ನಿಮಿಷ ಹಿಡಿಯುತ್ತದೆ. ಹಾಗಾಗಿ ಹಳೇ ಆಲ್ಬಂಗಳು 40 ನಿಮಿಷದ ಆಚೀಚೆ ಮುಗಿಯುತ್ತಿದ್ದವು. ಸಿಡಿ ಬಂದ ಮೇಲೆ 74 ನಿಮಿಷದಿಂದ 80 ನಿಮಿಷದವರೆಗೆ ಜಾಗ ಸಿಕ್ಕಿತು. ಜಾಗ ಇದ್ದರೆ ತುಂಬಿಸುತ್ತಾರೆ. ಸ್ಲೇಯರ್‌ನ 1986ರ ‘ರೇನ್ ಇನ್ ಬ್ಲಡ್’ ಹತ್ತು ಹಾಡುಗಳಿದ್ದೂ 29 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮೆಟಾಲಿಕಾದ 1996ರ ‘ಲೋಡ್’ ಸುಮಾರು 79 ನಿಮಿಷ. ಮೂಲಕ್ಕೆ ಮರಳುವ ಬ್ಯಾಂಡ್ ಎಷ್ಟೋ ಸಲ ಮೊದಲು ಮಾಡುವ ಕೆಲಸ ಹಾಡುಗಳನ್ನು ಗಿಡ್ಡ ಮಾಡುವುದು.

## ಕ್ಲಿಕ್ ಮತ್ತು ಕಂಪ್ಯೂಟರ್

ಈಗಿನ ಮೆಟಲ್ ಆಲ್ಬಂ ಸಾಮಾನ್ಯವಾಗಿ ತುಂಡುತುಂಡಾಗಿ ತಯಾರಾಗುತ್ತದೆ. ಡ್ರಮ್ಮರ್ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂಬ ತಾಳದ ಸದ್ದು ಕೇಳುತ್ತಾ ಒಬ್ಬರೇ ನುಡಿಸುತ್ತಾರೆ. ಇದಕ್ಕೆ ಕ್ಲಿಕ್ ಟ್ರ್ಯಾಕ್ ಅನ್ನುತ್ತಾರೆ. ಬೇಸ್ ಇನ್ನೊಂದು ದಿನ, ಗಿಟಾರ್ ಮತ್ತೊಂದು ದಿನ, ಎಷ್ಟೋ ಸಲ ಬೇರೆ ಊರಲ್ಲಿ, ಬೇರೆ ದೇಶದಲ್ಲಿ. ಕೊನೆಗೆ ಹಾಡುವವರು.

ಆಮೇಲೆ ಕಂಪ್ಯೂಟರ್ ಪರದೆಯ ಮೇಲೆ ತಿದ್ದುವಿಕೆ. ಡ್ರಮ್ಮಿನ ಹೊಡೆತ ಕೂದಲೆಳೆಯಷ್ಟು ತಡವಾಗಿದ್ದರೆ ಅದನ್ನು ಎಳೆದು ಗೆರೆಯ ಮೇಲೆ ಕೂರಿಸಬಹುದು. ಒಂದು ಹೊಡೆತ ಮೆತ್ತಗಾಗಿದ್ದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಚೆಂದದ ಹೊಡೆತವನ್ನು ಅಲ್ಲಿ ಅಂಟಿಸಬಹುದು. ಹೀಗೆ ಅಂಟಿಸುವ ತುಣುಕಿಗೆ ಸ್ಯಾಂಪಲ್ ಎಂದು ಹೆಸರು.

ಇದರಲ್ಲಿ ಮೋಸ ಏನಿಲ್ಲ. ವಿಪರೀತ ವೇಗದ ಡೆತ್ ಮೆಟಲ್‌ನಂಥ ಶೈಲಿಗೆ ಈ ಚೊಕ್ಕತನ ಬೇಕೇ ಬೇಕು, ಇಲ್ಲದಿದ್ದರೆ ಹೊಡೆತಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ. ಆದರೆ ಹಳೇ ಕಾಲದ ಮೆಟಲ್‌ನಲ್ಲಿ ಒಂದು ಸಂಗತಿ ಇತ್ತು. ಪಲ್ಲವಿ ಬಂದಾಗ ಎಲ್ಲರೂ ಸೇರಿ ಚೂರು ವೇಗ ಹೆಚ್ಚಿಸುತ್ತಿದ್ದರು. ಭಾರದ ಭಾಗ ಬಂದಾಗ ತಾಳ ಸ್ವಲ್ಪ ಹಿಂದಕ್ಕೆ ವಾಲುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಒಬ್ಬರನ್ನೊಬ್ಬರು ನೋಡುತ್ತಾ ನುಡಿಸುವಾಗ ತಾನಾಗಿ ಆಗುವಂಥದ್ದು. ಹಾಡಿನುದ್ದಕ್ಕೂ ಒಂದೇ ವೇಗದ ಕ್ಲಿಕ್ ಹಾಕಿದರೆ ಇದು ಹೋಗುತ್ತದೆ.

## ಎಲ್ಲರೂ ಒಂದೇ ಕೋಣೆಯಲ್ಲಿ

ಬ್ಯಾಕ್ ಟು ಬೇಸಿಕ್ಸ್ ಅನ್ನುವವರು ಹೆಚ್ಚಾಗಿ ಇಲ್ಲಿಂದ ಶುರು ಮಾಡುತ್ತಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಟ್ಟಿಗೆ ನುಡಿಸುವುದು.

ಕೇಳಲು ಸರಳ, ಮಾಡಲು ಕಷ್ಟ. ಡ್ರಮ್ಮಿನ ಸದ್ದು ಗಿಟಾರಿನ ಮೈಕಿಗೂ ನುಗ್ಗುತ್ತದೆ, ಗಿಟಾರಿನದು ಡ್ರಮ್ಮಿನ ಮೈಕಿಗೂ. ಇದಕ್ಕೆ ಬ್ಲೀಡ್ ಅನ್ನುತ್ತಾರೆ. ಹೀಗಾದಾಗ ಒಬ್ಬರ ತಪ್ಪನ್ನು ಮಾತ್ರ ಅಳಿಸಿ ಸರಿಮಾಡುವುದು ಕಷ್ಟ, ಏಕೆಂದರೆ ಆ ತಪ್ಪು ಬೇರೆಯವರ ಮೈಕಿನಲ್ಲೂ ಕೂತಿರುತ್ತದೆ. ಹಾಗಾಗಿ ಸ್ಟುಡಿಯೋ ಒಳಗೆ ಹೋಗುವ ಮೊದಲೇ ಹಾಡು ಚೆನ್ನಾಗಿ ಅಭ್ಯಾಸವಾಗಿರಬೇಕು. ಆಂಪ್ಲಿಫೈಯರ್‌ಗಳನ್ನು ಪಕ್ಕದ ಕೋಣೆಗಳಲ್ಲಿಟ್ಟು, ವಾದಕರು ಮಾತ್ರ ಎದುರುಬದುರು ನಿಂತು ನುಡಿಸುವ ನಡುದಾರಿಯೂ ಉಂಟು.

ಐರನ್ ಮೇಡನ್ 2000ದ ‘ಬ್ರೇವ್ ನ್ಯೂ ವರ್ಲ್ಡ್’ ಆಲ್ಬಂ ಅನ್ನು ಪ್ಯಾರಿಸ್ಸಿನಲ್ಲಿ ನಿರ್ಮಾಪಕ ಕೆವಿನ್ ಶರ್ಲಿ ಜೊತೆ ಹೀಗೆ ಒಟ್ಟಿಗೆ ನುಡಿಸಿ ಮಾಡಿತು. ಆರು ಜನರ ಬ್ಯಾಂಡ್, ಮೂವರು ಗಿಟಾರ್ ವಾದಕರು. ಅಷ್ಟು ದಟ್ಟ ಸಂಗೀತ ಒಟ್ಟಿಗೆ ನುಡಿಸಿಯೂ ನಿಲ್ಲುತ್ತದೆ ಎಂದು ಅಲ್ಲಿ ಗೊತ್ತಾಯಿತು.

ಜೂಡಸ್ ಪ್ರೀಸ್ಟ್‌ನ ಕಥೆ ನನಗೆ ಇನ್ನೂ ಇಷ್ಟ. 1980ರಲ್ಲಿ ‘ಬ್ರಿಟಿಷ್ ಸ್ಟೀಲ್’ ರೆಕಾರ್ಡ್ ಮಾಡುವಾಗ ಈಗಿನ ಥರದ ಸ್ಯಾಂಪಲ್‌ಗಳು ಅವರ ಕೈಗೆ ಸಿಗುವಂತಿರಲಿಲ್ಲ. ಲೋಹದ ಹೆಜ್ಜೆ ಸದ್ದು ಬೇಕಿತ್ತು. ಚಮಚ, ಮುಳ್ಳುಚಮಚ ತುಂಬಿದ ಟ್ರೇಯನ್ನು ಎತ್ತಿ ಕುಲುಕಿದರು. ಗಾಜು ಒಡೆಯುವ ಸದ್ದು ಬೇಕಿತ್ತು. ಹಾಲಿನ ಬಾಟಲಿಗಳನ್ನು ಒಡೆದರು. ಆ ಆಲ್ಬಂನ ನಿರ್ಮಾಪಕ ಟಾಮ್ ಆಲಮ್. ಮೂವತ್ತೆಂಟು ವರ್ಷಗಳ ನಂತರ, 2018ರ ‘ಫೈರ್‌ಪವರ್’ ಆಲ್ಬಂಗೆ ಅದೇ ಆಲಮ್ ಮರಳಿದರು. ಜೊತೆಗೆ ಹೊಸ ಪೀಳಿಗೆಯ ಆಂಡಿ ಸ್ನೀಪ್. ಹಳಬರು ಬ್ಯಾಂಡನ್ನು ಒಟ್ಟಿಗೆ ನುಡಿಸಲು ಕೂರಿಸಿದರು, ಹೊಸಬರು ಸದ್ದಿಗೆ ಈ ಕಾಲದ ಹರಿತ ಕೊಟ್ಟರು. ಆಲ್ಬಂ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಐದನೇ ಸ್ಥಾನಕ್ಕೆ ಏರಿತು.

## ನಿರ್ಮಾಪಕರ ಕೆಲಸ ಏನು?

ಸಿನಿಮಾ ನಿರ್ಮಾಪಕರ ಥರ ದುಡ್ಡು ಹಾಕುವುದು ಆಲ್ಬಂ ನಿರ್ಮಾಪಕರ ಮುಖ್ಯ ಕೆಲಸ ಅಲ್ಲ. ಹೊರಗಿನ ಕಿವಿಯಾಗಿ ಕೂತು, ಇದು ಇರಲಿ, ಇದು ಬೇಡ ಎಂದು ಹೇಳುವವರು ಅವರು. ದಶಕಗಳಿಂದ ಗೆದ್ದ ಬ್ಯಾಂಡಿಗೆ ‘ಇದು ಬೇಡ’ ಅನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಈ ವಿಷಯದಲ್ಲಿ ದೊಡ್ಡ ಹೆಸರು ಅಮೆರಿಕದ ರಿಕ್ ರೂಬಿನ್. ಮೇಲೆ ಹೇಳಿದ ಸ್ಲೇಯರ್‌ನ 29 ನಿಮಿಷದ ಆಲ್ಬಂ ಅವರದ್ದೇ ನಿರ್ಮಾಣ. ಅಲ್ಲಿ ಪ್ರತಿಧ್ವನಿಯನ್ನು ಬಹಳ ಕಡಿಮೆ ಇಟ್ಟರು. ವೇಗದ ರಿಫ್‌ಗೆ ಪ್ರತಿಧ್ವನಿ ಸೇರಿದರೆ ಒಂದು ಹೊಡೆತ ಇನ್ನೊಂದರೊಳಗೆ ಕಲಸಿಹೋಗುತ್ತದೆ. 1994ರಲ್ಲಿ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರನ್ನು ಒಂದು ಗಿಟಾರ್ ಕೊಟ್ಟು ಒಬ್ಬರೇ ಹಾಡಲು ಕೂರಿಸಿದ್ದೂ ಇವರೇ.

2008ರಲ್ಲಿ ‘ಡೆತ್ ಮ್ಯಾಗ್ನೆಟಿಕ್’ ಹೊತ್ತಿಗೆ ರೂಬಿನ್ ಮೆಟಾಲಿಕಾದವರಿಗೆ ಕೊಟ್ಟ ಸೂಚನೆ ಹೀಗಿತ್ತು: ನೀವು ಮೆಟಾಲಿಕಾ ಅಲ್ಲ, ನಿಮಗೆ ಒಂದೂ ಹಿಟ್ ಇಲ್ಲ, ಬ್ಯಾಂಡ್‌ಗಳ ಸ್ಪರ್ಧೆಗೆ ಹಾಡು ಕಟ್ಟಬೇಕು ಎಂದುಕೊಳ್ಳಿ. 2013ರ ‘13’ ಆಲ್ಬಂಗೆ ಮುಂಚೆ ಬ್ಲ್ಯಾಕ್ ಸಬ್ಬತ್‌ನವರಿಗೆ ಅವರದೇ ಮೊದಲ ಆಲ್ಬಂ ಹಾಕಿ ಕೇಳಿಸಿದರು. ಹೆವಿ ಮೆಟಲ್ ಎಂಬ ಹಣೆಪಟ್ಟಿ ಅಂಟುವ ಮೊದಲು ನೀವು ಹೇಗೆ ಯೋಚಿಸುತ್ತಿದ್ದಿರೋ ಹಾಗೆ ಯೋಚಿಸಿ ಎಂಬುದು ಅವರ ಒತ್ತಾಯ. ಆಜಿ ಆಸ್ಬೋರ್ನ್ ಕಂಠದಲ್ಲಿ ಬಂದ ಆ ಬ್ಯಾಂಡಿನ ಹಿಂದಿನ ಸ್ಟುಡಿಯೋ ಆಲ್ಬಂ 1978ರದ್ದು. ‘13’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಆ ಸ್ಥಾನ ಅವರಿಗೆ ಅದಕ್ಕೆ ಮುಂಚೆ ಸಿಕ್ಕಿದ್ದು 1970ರಲ್ಲಿ.

## ಒರಟು ಸದ್ದು ಇದ್ದರೆ ಮೂಲಕ್ಕೆ ಬಂದಂತೆಯೇ?

ಇಲ್ಲ. ಇಲ್ಲೇ ಹೆಚ್ಚು ಗೊಂದಲ ಆಗುವುದು.

ಮೆಟಾಲಿಕಾದ 2003ರ ‘ಸೇಂಟ್ ಆಂಗರ್’ ಕೇಳಿದರೆ ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದಂತಿದೆ. ಗಿಟಾರ್ ಸೋಲೋಗಳೇ (ಗಿಟಾರ್ ಒಂದೇ ಮುಂದೆ ಬಂದು ಮಿಂಚುವ ಭಾಗಗಳು) ಇಲ್ಲ. ಸ್ನೇರ್ ಡ್ರಮ್ಮಿನ ಕೆಳಗೆ ಝರಝರ ಎನ್ನುವ ತಂತಿಗಳನ್ನು ಬಿಚ್ಚಿಟ್ಟಿದ್ದರಿಂದ ಅದು ಡಬ್ಬಿ ಬಡಿದಂತೆ ಕೇಳುತ್ತದೆ. ಇಷ್ಟು ಒರಟು ಆಲ್ಬಂ ತಯಾರಾಗಿದ್ದು ಹೇಗೆ? ಗಂಟೆಗಟ್ಟಲೆ ನುಡಿಸಿದ್ದನ್ನು ಕಂಪ್ಯೂಟರ್‌ನಲ್ಲಿ ಕತ್ತರಿಸಿ, ತುಂಡುಗಳನ್ನು ಜೋಡಿಸಿ ಹಾಡು ಮಾಡಿದರು. ಹಾಡುಗಳು ಉದ್ದುದ್ದ, ಒಟ್ಟು 75 ನಿಮಿಷ. ಸದ್ದು ಒರಟಾಗಿತ್ತು, ಕಟ್ಟುವ ರೀತಿ ಹಳೆಯದಾಗಿರಲಿಲ್ಲ.

ಐರನ್ ಮೇಡನ್ 1990ರಲ್ಲಿ ಎಡವಿದ್ದು ಬೇರೆ ಥರ. ಕೀಬೋರ್ಡ್, ಕಥೆ ಎಲ್ಲ ಸಾಕು, ಸೀದಾ ಆಲ್ಬಂ ಮಾಡೋಣ ಎಂದು ಬೇಸ್ ವಾದಕ ಸ್ಟೀವ್ ಹ್ಯಾರಿಸ್ ತೀರ್ಮಾನಿಸಿದರು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಅವರ ಸ್ವಂತ ಜಾಗದ ಕೊಟ್ಟಿಗೆಯಲ್ಲಿ, ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಸಂಚಾರಿ ಸ್ಟುಡಿಯೋ ತರಿಸಿ ‘ನೋ ಪ್ರೇಯರ್ ಫಾರ್ ದ ಡೈಯಿಂಗ್’ ರೆಕಾರ್ಡ್ ಮಾಡಿದರು. ಈ ದಾರಿ ಹಿಡಿಸದೆ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಶುರುವಿನಲ್ಲೇ ಬ್ಯಾಂಡ್ ಬಿಟ್ಟರು. ಅವರ ಜಾಗಕ್ಕೆ ಜಾನಿಕ್ ಗರ್ಸ್ ಬಂದರು. ಆಲ್ಬಂ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಬಂತು, ಅದರ ಒಂದು ಹಾಡು ಮೊದಲ ಸ್ಥಾನಕ್ಕೂ ಏರಿತು. ಆದರೂ ಅವರ ದೊಡ್ಡ ಆಲ್ಬಂಗಳ ಸಾಲಿಗೆ ಇದನ್ನು ಸೇರಿಸುವವರು ಕಡಿಮೆ. ಗಾಯಕ ಬ್ರೂಸ್ ಡಿಕಿನ್ಸನ್ ಅವರೇ ಆ ಕೊಟ್ಟಿಗೆಯ ಸದ್ದಿನ ಬಗ್ಗೆ ಮುಂದೆ ಬೇಸರ ಹೇಳಿಕೊಂಡರು. ಬೇಡವಾದ್ದನ್ನು ತೆಗೆದಾಗ ಉಳಿಯುವ ಹಾಡು ಗಟ್ಟಿ ಇರಬೇಕು. ಮುಚ್ಚಿಕೊಳ್ಳಲು ಪದರಗಳೇ ಇಲ್ಲದಾಗ ದುರ್ಬಲ ರಿಫ್ ಎಲ್ಲರಿಗೂ ಕಾಣುತ್ತದೆ.

## ಜೋರಿನ ಜಗಳ

ಎಲ್ಲ ಸರಿ ಮಾಡಿಯೂ ಕೊನೆಯ ಹಂತದಲ್ಲಿ ಕೆಡಬಹುದು. ಆಲ್ಬಂ ಹೊರಗೆ ಹೋಗುವ ಮುಂಚೆ ಮಾಸ್ಟರಿಂಗ್ ಎಂಬ ಕೊನೆಯ ಒಪ್ಪ ಇರುತ್ತದೆ. ಅಲ್ಲಿ, ಅಥವಾ ಅದಕ್ಕೂ ಮೊದಲು, ಕಂಪ್ರೆಷನ್ ಬಳಸಿ ಮೆಲ್ಲನೆಯ ಸದ್ದನ್ನೂ ಜೋರು ಸದ್ದಿನ ಮಟ್ಟಕ್ಕೆ ತರುತ್ತಾರೆ. ಮೊದಲ ಸಲ ಕೇಳಿದಾಗ ಹಾಡು ಗಟ್ಟಿಯಾಗಿ ಕಿವಿಗೆ ಬೀಳುತ್ತದೆ. ಆದರೆ ಸದಾ ಕೂಗಿಯೇ ಮಾತಾಡುವವರು ನಿಜಕ್ಕೂ ಸಿಟ್ಟಾದಾಗ ಗೊತ್ತೇ ಆಗುವುದಿಲ್ಲ ನೋಡಿ, ಇದೂ ಹಾಗೇ. ಡ್ರಮ್ಮಿನ ಹೊಡೆತ ಎದ್ದು ಬರಲು ಜಾಗವೇ ಇರುವುದಿಲ್ಲ.

‘ಡೆತ್ ಮ್ಯಾಗ್ನೆಟಿಕ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಗೇಮ್‌ನಲ್ಲೂ ಬಂದವು. ಗೇಮ್‌ನಲ್ಲಿ ಸದ್ದು ಅಷ್ಟು ಹಿಂಡಿರಲಿಲ್ಲ, ಡ್ರಮ್ಸ್ ಸ್ಪಷ್ಟವಾಗಿತ್ತು. ಅಭಿಮಾನಿಗಳು ಎರಡನ್ನೂ ಹೋಲಿಸಿದರು. ಆಲ್ಬಂ ಅನ್ನು ಮತ್ತೆ ಸರಿಮಾಡಿ ಕೊಡಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ತನ್ನ ಕೈಗೆ ಬರುವ ಹೊತ್ತಿಗೇ ಸದ್ದು ಹಿಂಡಿಹೋಗಿತ್ತು ಎಂದು ಮಾಸ್ಟರಿಂಗ್ ಮಾಡಿದ ಎಂಜಿನಿಯರ್ ಹೇಳಿದರು. ಇನ್ನೊಂದು ತುದಿಯಲ್ಲಿ ಐರನ್ ಮೇಡನ್ ಇದೆ. 2006ರ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಂಗೆ ಮಾಸ್ಟರಿಂಗ್ ಬೇಡವೇ ಬೇಡ, ಸ್ಟುಡಿಯೋದಲ್ಲಿ ಕೇಳಿದ್ದೇ ಹೊರಗೂ ಕೇಳಲಿ ಎಂದು ಹ್ಯಾರಿಸ್ ಬಿಟ್ಟುಬಿಟ್ಟರು.

## ವಯಸ್ಸಿನ ಲೆಕ್ಕ

ಒಟ್ಟಿಗೆ ನುಡಿಸುವುದು ಮೈಗೆ ಸಂಬಂಧಿಸಿದ ಕೆಲಸ. ಐಯೋಮಿಗೆ 2012ರ ಆರಂಭದಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ಹೊರಬಿತ್ತು. ಚಿಕಿತ್ಸೆಯ ನಡುವೆಯೇ ‘13’ ನುಡಿಸಿದರು. ಮೊದಲ ಡ್ರಮ್ಮರ್ ಬಿಲ್ ವಾರ್ಡ್ ಕರಾರಿನ ಭಿನ್ನಾಭಿಪ್ರಾಯದಿಂದ ಹೊರಗುಳಿದರು, ಬ್ರಾಡ್ ವಿಲ್ಕ್ ಡ್ರಮ್ಸ್ ನುಡಿಸಿದರು. ವಾರ್ಡ್ ಅವರ ತೂಗಾಡುವ ತಾಳ ಇಲ್ಲದ ಸಬ್ಬತ್ ಪೂರ್ತಿ ಸಬ್ಬತ್ ಅಲ್ಲ ಎಂದು ಅನೇಕ ಅಭಿಮಾನಿಗಳಿಗೆ ಅನ್ನಿಸಿತು. ಆ ನೋವು ನನಗೂ ಅರ್ಥವಾಗುತ್ತದೆ. ಜೂಡಸ್ ಪ್ರೀಸ್ಟ್‌ನ ಗಿಟಾರ್ ವಾದಕ ಗ್ಲೆನ್ ಟಿಪ್ಟನ್ ತಮಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು 2018ರಲ್ಲಿ, ‘ಫೈರ್‌ಪವರ್’ ಬರುವ ಕೆಲವೇ ವಾರ ಮುಂಚೆ ತಿಳಿಸಿದರು. ಪ್ರವಾಸದಲ್ಲಿ ಅವರ ಜಾಗದಲ್ಲಿ ಆಂಡಿ ಸ್ನೀಪ್ ನುಡಿಸಿದರು.

ಕಂಪ್ಯೂಟರ್‌ನಲ್ಲಿ ತಿದ್ದಿಕೊಂಡು ಸುಲಭವಾಗಿ ಆಲ್ಬಂ ಮಾಡಬಹುದಾಗಿದ್ದ ವಯಸ್ಸಿನಲ್ಲಿ ಇವರು ಕಷ್ಟದ ದಾರಿ ಹಿಡಿದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

## ಹೊಸಬರು ಕೇಳುವುದು ಹೇಗೆ?

ಆಲ್ಬಂ ಹಾಕಿಕೊಂಡು ಕಾಲಲ್ಲಿ ತಾಳ ಹಾಕಿ. ಪಲ್ಲವಿ ಬಂದಾಗ ನಿಮ್ಮ ಕಾಲು ತುಸು ಹಿಂದೆ ಬಿತ್ತಾ? ಹಾಗಾದರೆ ಕ್ಲಿಕ್ ಇಲ್ಲದೆ ನುಡಿಸಿರುವ ಸಾಧ್ಯತೆ ಜಾಸ್ತಿ. ಸ್ನೇರ್ ಹೊಡೆತಗಳಲ್ಲಿ ಒಂದು ಜೋರು, ಒಂದು ಮೆತ್ತಗೆ ಎಂಬ ವ್ಯತ್ಯಾಸ ಇದೆಯಾ ಗಮನಿಸಿ. ಒಬ್ಬರೇ ಗಿಟಾರ್ ವಾದಕರಿರುವ ಬ್ಯಾಂಡ್ ಆದರೆ ಸೋಲೋ ಬಂದಾಗ ಕೆಳಗೆ ಏನಿದೆ ಕೇಳಿ. ಬೇಸ್ ಮಾತ್ರ ಇದ್ದರೆ ವೇದಿಕೆಯ ಮೇಲಿನಂತೆಯೇ ನುಡಿಸಿದ್ದಾರೆ. ಇನ್ನೊಂದು ಗಿಟಾರ್ ಕೇಳಿಸಿದರೆ ಅದನ್ನು ಆಮೇಲೆ ಸೇರಿಸಿದ್ದಾರೆ.

ಜೋಡಿಸಿ ಕೇಳಿದರೆ ಇನ್ನೂ ಚೆನ್ನ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಕೇಳಿ, ತಕ್ಷಣ ‘13’ ಹಾಕಿ. ಐರನ್ ಮೇಡನ್ ಆದರೆ 1988, 1990, 2000ದ ಆಲ್ಬಂಗಳು, ಇದೇ ಕ್ರಮದಲ್ಲಿ. ನಡುವಿನದನ್ನು ಬಿಡಬೇಡಿ. ಏಡ್ರಿಯನ್ ಸ್ಮಿತ್ ಹೋದಾಗ ಏನು ಕಡಿಮೆಯಾಯಿತು, ಅವರು ಮರಳಿ ಬಂದು ಮೂರು ಗಿಟಾರ್ ಆದಾಗ ಏನು ಸೇರಿತು ಎಂಬುದು ಅದನ್ನೂ ಕೇಳಿದಾಗಲೇ ಸರಿಯಾಗಿ ತಿಳಿಯುತ್ತದೆ.